ಬೋರಲು ಮಲಗಿದ ಟೈಂಪೀಸು

ಸಾರಿಗೆ ಟೊಮೆಟೊ ಇತ್ತು, ಕೊತ್ತಂಬರಿ ಸೊಪ್ಪು ಇರಲಿಲ್ಲ. ಇಂಥ ಹೊತ್ತಿನಲ್ಲಿ ಮನೆಯಲ್ಲಿ ಹುಡುಗರಿದ್ದರೆ ಅಂಗಡಿಗೆ ಓಡಿಸುವುದು ಲೋಕರೂಢಿ. ಅಕ್ಕನ ಮಗ, ಸೆಕೆಂಡ್ ಪಿಯುಸಿ, ಪರೀಕ್ಷೆಗೆ ಓದಿಕೊಳ್ಳಲು ನಮ್ಮಲ್ಲಿಗೇ ಬಂದು ಕೂತಿದ್ದಾನೆ. "ಒಂದು ಕಟ್ಟು ಸೊಪ್ಪು ತಗೊಂಡ್ಬಾರೋ" ಅಂದೆ. ಪುಸ್ತಕದಿಂದ ತಲೆಯೆತ್ತದೆ, "ಇನ್ನೂ ಹನ್ನೊಂದು ನಿಮಿಷ ಇದೆ ಮಾಮ" ಅಂದ.

ಹನ್ನೊಂದು ನಿಮಿಷ ಅಂದರೆ ಟೊಮೆಟೊ ಲೆಕ್ಕ. ಸಾರಿನ ಟೊಮೆಟೊ ಅಲ್ಲ, ಮೊಬೈಲಿನದು. ಅದನ್ನು ಒತ್ತಿ 25 ನಿಮಿಷ ಓದಬೇಕು, 5 ನಿಮಿಷ ಬಿಡುವು. ಹೀಗೆ ನಾಲ್ಕು ಸಲ ಆದ ಮೇಲೆ ದೊಡ್ಡ ಬಿಡುವು. ಮಧ್ಯೆ ಎದ್ದರೆ ಆ ಟೊಮೆಟೊ ಕೊಳೆತ ಹಾಗೆ, ಲೆಕ್ಕಕ್ಕಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಚೆಸ್ಕೊ ಚಿರಿಲ್ಲೊ ಎಂಬ ವಿದ್ಯಾರ್ಥಿ ಓದಿನಲ್ಲಿ ಮನಸ್ಸು ನಿಲ್ಲದೆ, ಅಡುಗೆಮನೆಯ ಟೊಮೆಟೊ ಆಕಾರದ ಟೈಮರ್ ತಿರುಗಿಸಿಟ್ಟುಕೊಂಡು ಕೂತನಂತೆ. ಅವರ ಭಾಷೆಯಲ್ಲಿ ಟೊಮೆಟೊ ಅಂದರೆ ಪೊಮೊದೋರೊ. ಆ ಹೆಸರೇ ನಿಂತಿತು. ಇದನ್ನೆಲ್ಲ ಹುಡುಗ ನನಗೆ ಹೇಳಿದ್ದು ಬಂದ ದಿನವೇ, ಬಿಡುವಿನ 5 ನಿಮಿಷದಲ್ಲಿ. ಕಥೆ ಹೇಳಲು ಸಾಕಾಗುವ ಆ ಐದು ನಿಮಿಷ ಸೊಪ್ಪು ತರಲು ಸಾಲದಂತೆ.

ಇದರಲ್ಲಿ ಹೊಸದೇನಿದೆ ಅಂತ ನನಗೆ ಅವತ್ತೇ ಅನ್ನಿಸಿತ್ತು. ನಮ್ಮ ಗಳಿಗೆಗೆ 24 ನಿಮಿಷ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತು. ಮದುವೆ ಮನೆಯಲ್ಲಿ ಗಳಿಗೆ ಬಟ್ಟಲಿಟ್ಟು ಮುಹೂರ್ತ ಕಾಯುತ್ತಿದ್ದ ಜನ ನಾವು. ಇಟಲಿಯವನು ಮೇಲೊಂದು ನಿಮಿಷ ಕೊಸರು ಹಾಕಿದ್ದಾನೆ, ಅಷ್ಟೆ. ಈಗ ಸಮಯ ಸಿಕ್ಕಿತೆಂದು ಈ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಿದೆ. "ಇನ್ನು ಏಳು ನಿಮಿಷ ಮಾಮ" ಅಂದ.

ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಅದರಲ್ಲಿ ಅರ್ಧ ಹೊಟ್ಟೆಕಿಚ್ಚು. ಆ ಇಟಲಿಯವನು ಟೊಮೆಟೊ ತಿರುಗಿಸುತ್ತಿದ್ದ ಕಾಲಕ್ಕೇ, 1989ರಲ್ಲಿ, ತಿಪಟೂರಿನಲ್ಲಿ ನಾನೂ ಓದಿನಲ್ಲಿ ಮನಸ್ಸು ನಿಲ್ಲದೆ ಗಡಿಯಾರದ ಕಾಲಿಗೆ ಬಿದ್ದಿದ್ದೆ. ನನ್ನನ್ನು ಯಾರು ಕೇಳಿದರು?

ಮೊದಲು ವೇಳಾಪಟ್ಟಿ ಮಾಡಿದೆ. ಡ್ರಾಯಿಂಗ್ ಶೀಟು, ಗಣಿತಕ್ಕೆ ಕೆಂಪು ಸ್ಕೆಚ್ ಪೆನ್ನು, ಭೌತಶಾಸ್ತ್ರಕ್ಕೆ ನೀಲಿ, ರಸಾಯನಶಾಸ್ತ್ರಕ್ಕೆ ಹಸಿರು, ಸುತ್ತ ಹೂಬಳ್ಳಿಯ ಅಂಚು. ಅಂಚಿಗೇ ಒಂದು ಸಂಜೆ ಹಿಡಿಯಿತು. ಬೆಳಗಿನ 4ರಿಂದ 6 ಗಣಿತ. ಸೋಮವಾರ ಶುರು. ಅಜ್ಜಿ ಕನ್ನಡಕ ಹಾಕಿಕೊಂಡು ಓದಿಸಿಕೊಂಡು, "ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ ಕಣೋ" ಅಂದಳು. ನಾನು ನಾಲ್ಕಕ್ಕೇ ಶುರು ಮಾಡ್ತೀನಲ್ಲ ಅಂದೆ. "ನೀನು ಏಳೋ ಹೊತ್ತಿಗೆ ರಾಹು ಬಂದು ಕೂತಿರ್ತಾನೆ" ಅಂದಳು.

ಮೈದಾ ಅಂಟು ಬಳಿದು ಗೋಡೆಗೆ ಹಚ್ಚಿದೆ. ಮೂರನೆಯ ರಾತ್ರಿ ಇಲಿ ಬಂತು. ಮೇಲೆ ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ ಇದ್ದರೂ ಅದಕ್ಕೆ ನನ್ನ ಹಾಳೆಯೇ ಬೇಕಾಯಿತು. ಎಡಗಡೆ ಮೇಲಿನ ಮೂಲೆ, ಅಂದರೆ ಸರಿಯಾಗಿ ನಾಲ್ಕರಿಂದ ಆರು, ಹೂಬಳ್ಳಿಯ ಸಮೇತ ಹೋಯಿತು. ಆ ಹೊತ್ತಿನಲ್ಲಿ ಮನೆಯಲ್ಲಿ ಎದ್ದಿದ್ದದ್ದೂ ಅದೊಂದೇ.

ಆಗ ಹೊರಬಂತು ತಾತನ ಟೈಂಪೀಸು. ಬೆನ್ನಿಗೆ ಎರಡು ಕೀಲಿ, ಒಂದು ಓಡುವುದಕ್ಕೆ, ಇನ್ನೊಂದು ಅಲಾರಂಗೆ. ನೆಟ್ಟಗೆ ನಿಲ್ಲಿಸಿದರೆ ನಿಂತುಬಿಡುತ್ತಿತ್ತು, ಬೋರಲು ಮಲಗಿಸಿದರೆ ಮಾತ್ರ ಓಟ. ಬೋರಲಾದ ಗಡಿಯಾರದಲ್ಲಿ ಹೊತ್ತು ನೋಡಬೇಕಾದರೆ ಎತ್ತಬೇಕು, ಎತ್ತಿದರೆ ನಿಲ್ಲುತ್ತದೆ, ಮತ್ತೆ ಮಲಗಿಸಿ ಮೆಲ್ಲಗೆ ತಟ್ಟಬೇಕು. ಓದಲು ಕೂತವನು ಪುಸ್ತಕಕ್ಕಿಂತ ಗಡಿಯಾರವನ್ನೇ ಹೆಚ್ಚು ನೋಡುತ್ತಾನೆ. ಹಾಗಾಗಿ ಒಂದು ಗಂಟೆ ಅಂತ ಕೂತ ನಾನು, ನನಗೇ ಗೊತ್ತಿಲ್ಲದೆ ಒಂದೂಕಾಲು ಗಂಟೆ ಕೂರುತ್ತಿದ್ದೆ. ಹುಡುಗ ಹೇಳಿದ್ದಕ್ಕಿಂತ ಜಾಸ್ತಿಯೇ ಓದುತ್ತಾನೆ ಅಂತ ಅಮ್ಮನಿಗೆ ಹೆಮ್ಮೆ. ಆ ಹೆಚ್ಚಿನ ಕಾಲು ಗಂಟೆಯಷ್ಟೂ ನಾನು ಗಡಿಯಾರ ತಟ್ಟುತ್ತಿದ್ದೆ ಅನ್ನುವುದು ಅವಳಿಗೆ ತಿಳಿಯಲಿಲ್ಲ.

ಅಲಾರಂ ಸದ್ದು ಸಾಲದೆಂದು ಗೆಳೆಯನೊಬ್ಬ ಉಪಾಯ ಹೇಳಿಕೊಟ್ಟ. ಹಿತ್ತಾಳೆ ತಪ್ಪಲೆಯೊಳಗೆ ಟೈಂಪೀಸು ಬೋರಲು ಹಾಕಿ, ಪಕ್ಕದಲ್ಲಿ ಎರಡು ಚಮಚ ಇಡುವುದು. ಮೊದಲ ದಿನ ನಾಲ್ಕಕ್ಕೆ ಅದು ಹೊಡೆದುಕೊಂಡ ರೀತಿಗೆ ಕೊಟ್ಟಿಗೆಯಲ್ಲಿ ಹಸು ಎದ್ದು ನಿಂತಿತು. ಅಜ್ಜಿ "ಶಿವ ಶಿವ" ಅಂತ ಎದ್ದಳು. ಪಕ್ಕದ ಮನೆಯವರು ಲೈಟು ಹಾಕಿದರು. ನಾನು ಹೊದಿಕೆ ಮುಖದ ಮೇಲೆ ಎಳೆದುಕೊಂಡೆ. ಅಪ್ಪ ಬೈಯುತ್ತಾ ಕತ್ತಲಲ್ಲಿ ತಡಕಾಡಿ ಬಂದು, ತಪ್ಪಲೆಗೆ ಕೈಹಾಕಿ, ಅದರ ಬಾಯಿ ಮುಚ್ಚಿಸಿ ಹೋದರು. ಎರಡನೆಯ ದಿನವೂ ಹಾಗೇ. ಒಂದು ವಾರದ ಹೊತ್ತಿಗೆ ಅದು ಹೊಡೆಯುವ ಮೊದಲೇ ಅಪ್ಪನಿಗೆ ಎಚ್ಚರವಾಗತೊಡಗಿತು. ಬಂದು ಗುಂಡಿ ಒತ್ತಿ, ನನ್ನನ್ನೊಮ್ಮೆ ನೋಡಿ, ಹಂಡೆ ಒಲೆಗೆ ಉರಿ ಹಾಕಿ, ತೋಟದ ಕಡೆ ನಡೆಯುತ್ತಿದ್ದರು. ಪರೀಕ್ಷೆ ಮುಗಿಯಿತು, ಟೈಂಪೀಸು ಅಟ್ಟಕ್ಕೆ ಹೋಯಿತು. ಅಪ್ಪನ ಅಭ್ಯಾಸ ಹೋಗಲಿಲ್ಲ. ಮುಂದೆ 26 ವರ್ಷ, ಕೊನೆಯವರೆಗೂ ಅವರು ನಾಲ್ಕಕ್ಕೇ ಏಳುತ್ತಿದ್ದರು. ನನ್ನ ವೇಳಾಪಟ್ಟಿ ದಂಡವಾಯಿತು ಅಂತ ಯಾರೂ ಹೇಳುವಂತಿಲ್ಲ.

ಎಲ್ಲಿದ್ದೆ? ಸೊಪ್ಪು.

ಹುಡುಗನ ಮೇಲೆ ರೇಗಲು ಬಾಯಿ ತೆರೆದವನು ಸುಮ್ಮನಾದೆ. ಓದುವ ರಜೆ ಸಿಗುವವರೆಗೆ ಇವನ ದಿನ ನಾನು ನೋಡಿದ್ದೇನೆ. ಆರಕ್ಕೆ ಬಸ್ಸು, ಕೋಚಿಂಗು, ಅಲ್ಲಿಂದ ಕಾಲೇಜು, ಸಂಜೆ ಟ್ಯೂಷನ್ನು, ಭಾನುವಾರ ಟೆಸ್ಟು. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಒಂದಕ್ಕೆ 80 ಸೆಕೆಂಡು. ಇಡೀ ದಿನವನ್ನು ನಾವೇ ದೊಡ್ಡವರು ಗೋರಿ ತಿಂದು, ತಳದಲ್ಲಿ ಉಳಿದ ಸೀಕಲು ತೋರಿಸಿ "ಹೊತ್ತು ಹಾಳು ಮಾಡಬೇಡ" ಅನ್ನುತ್ತೇವೆ. ಹಾಗೆ ಅನ್ನುವವರು ರಾತ್ರಿ ಹನ್ನೊಂದರವರೆಗೆ ಸೋಫಾದ ಮೇಲೆ ಒರಗಿ ಯಾರದೋ ಮದುವೆಯ ರೀಲ್ಸು ನೋಡುತ್ತಿರುತ್ತಾರೆ. ಹೆಸರು ಬೇಡ, ಸೋಫಾ ನಮ್ಮದೇ.

ಆದರೂ ಸಮಯದ ವಿಷಯವಾಗಿ ಅವನಿಗೊಂದು ಮಾತು ಹೇಳಬೇಕು, ಬೈಗುಳದಂತಿರಬಾರದು, ಮನಸ್ಸಿನಲ್ಲಿ ಉಳಿಯಬೇಕು ಅಂತ ಯೋಚಿಸುತ್ತಾ ನಾನೇ ಮೆಟ್ಟಿಲಿಳಿದೆ. ಕೆಳಗಿನ ತಿರುವಿಗೆ ಬರುವಷ್ಟರಲ್ಲಿ ಮಾತು ಮುಕ್ಕಾಲು ಪಾಲು ಸಿದ್ಧವಾಗಿತ್ತು. ಸೊಪ್ಪಿನವಳು ಕಟ್ಟಿಗೆ ಇಪ್ಪತ್ತು ಅಂದಳು. ಬೇರು ನೋಡು, ಅರ್ಧ ಮಣ್ಣೇ ಇದೆ ಅಂದೆ. ಮಣ್ಣಿಲ್ಲದೆ ಸೊಪ್ಪು ಎಲ್ಲಿ ಬೆಳೆಯುತ್ತೆ ಸ್ವಾಮಿ ಅಂದಳು. ಮಾತಿಗೆ ಮಾತು ಬೆಳೆದು ಅವಳೂರು ತಿಪಟೂರಿನ ಹತ್ತಿರವೇ ಅಂತ ತಿಳಿಯಿತು. ಆಮೇಲೆ ಕೊಬ್ಬರಿ ರೇಟು, ಮಳೆ, ನುಸಿ ರೋಗ. ಹದಿನೈದಕ್ಕೆ ಕೊಟ್ಟಳು, ನಾಲ್ಕು ಎಸಳು ಕರಿಬೇವು ಕೊಸರು.

ಬಾಗಿಲು ತೆರೆದದ್ದು ಹುಡುಗನೇ, ಹಲ್ಲು ಕಿರಿಯುತ್ತಾ. "ಎಲ್ಲಿಗೆ ಹೋಗಿದ್ರಿ ಮಾಮ? ಎರಡು ಟೊಮೆಟೊ ಆಯ್ತು."

ಅಡುಗೆಮನೆಯಿಂದ ಇವಳ ದನಿ ಬಂತು: "ರೀ, ಟೊಮೆಟೊ ಯಾರು ತರೋಕೆ ಹೇಳಿದ್ದು?"