ಸತ್ಯಾಂಶ: ಮುಟ್ಟಿದ್ದೆಲ್ಲ ಪಾಸ್ ಇಂಟರ್‌ಫಿಯರೆನ್ಸ್ ಅಲ್ಲ

ಅಮೆರಿಕನ್ ಫುಟ್‌ಬಾಲ್ ಋತು ಬಂದಾಗಲೆಲ್ಲ ಒಂದು ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಎಸೆದ ಚೆಂಡು ಗಾಳಿಯಲ್ಲಿರುವಾಗ ಅದನ್ನು ಹಿಡಿಯಲು ಓಡುವ ಆಟಗಾರನನ್ನು, ಅಂದರೆ ರಿಸೀವರನನ್ನು, ಮುಟ್ಟಿದರೆ ಸಾಕು, ಅದು ಪಾಸ್ ಇಂಟರ್‌ಫಿಯರೆನ್ಸ್, ಎಂದರೆ ಪಾಸ್ ಹಿಡಿಯಲು ಅಡ್ಡಿಪಡಿಸಿದ ತಪ್ಪು. ದಂಡ ಹಾಕದ ರೆಫರಿ ಪಕ್ಷಪಾತಿ ಎಂಬುದು ಅದರ ತಿರುಳು.

ನಿಯಮ ಹಾಗಿಲ್ಲ. ಚೆಂಡಿನ ಮೇಲೆ ರಿಸೀವರ್ ಮತ್ತು ಅವನನ್ನು ತಡೆಯುವ ಎದುರಾಳಿ ರಕ್ಷಕ, ಇಬ್ಬರಿಗೂ ಸಮಾನ ಹಕ್ಕಿದೆ. ಹಿಡಿಯುವ ಅವಕಾಶಕ್ಕೆ ಗಣನೀಯವಾಗಿ ಅಡ್ಡಿಯಾದರೆ ಮಾತ್ರ ತಪ್ಪು. ಇಬ್ಬರೂ ಚೆಂಡನ್ನೇ ನೋಡುತ್ತ ಜಿಗಿದಾಗ ಭುಜಕ್ಕೆ ಭುಜ ತಾಗಿದರೆ ಆಟ ಮುಂದುವರಿಯುತ್ತದೆ. ಚೆಂಡು ತಲುಪುವ ಮೊದಲೇ ರಕ್ಷಕ ರಿಸೀವರನ ಮೊಣಕೈ ಹಿಡಿದು ಕೆಳಕ್ಕೆಳೆದರೆ, ಒಂದೇ ಕೈ ಮೇಲೇರಿದ್ದು ಕಾಣುತ್ತದೆ. ಅದು ಖಂಡಿತ ದಂಡಾರ್ಹ. ಕೈಗೆಟುಕಲು ಸಾಧ್ಯವೇ ಇಲ್ಲದ ಪಾಸಿಗೆ, ಅಥವಾ ಬೇರೊಬ್ಬರ ಕೈಗೆ ತಾಗಿದ ಮೇಲೆ, ಈ ನಿಯಮ ಅನ್ವಯಿಸುವುದಿಲ್ಲ. ರಕ್ಷಕನನ್ನು ತಳ್ಳಿದ ರಿಸೀವರನಿಗೂ ದಂಡವಿದೆ, ವೃತ್ತಿಪರ ಆಟದಲ್ಲಿ ಅವನ ತಂಡ 10 ಗಜ ಹಿಂದೆ ಸರಿಯಬೇಕು.

ಗೊಂದಲಕ್ಕೆ ಕಾರಣವಿಲ್ಲದೆ ಇಲ್ಲ. ವೃತ್ತಿಪರ ಆಟದಲ್ಲಿ, ಪಾಸ್ ಎಸೆಯುವ ಮೊದಲೇ, ಆಟ ಶುರುವಾದ ಗೆರೆಯಿಂದ 5 ಗಜದಾಚೆ ರಿಸೀವರನನ್ನು ತಡೆಯುವುದು ಬೇರೆಯದೇ ತಪ್ಪು. ಅದಕ್ಕೆ 5 ಗಜ ದಂಡ, ಜೊತೆಗೆ ದಾಳಿ ತಂಡಕ್ಕೆ ಹೊಸ ಫಸ್ಟ್ ಡೌನ್, ಅಂದರೆ ಮುನ್ನಡೆಯಲು ಮತ್ತೆ ಮೊದಲಿನಿಂದ ನಾಲ್ಕು ಯತ್ನಗಳು. ರಕ್ಷಕನ ಇಂಟರ್‌ಫಿಯರೆನ್ಸ್ ಆದರೆ ಚೆಂಡನ್ನು ತಪ್ಪು ನಡೆದ ಜಾಗಕ್ಕೇ ಒಯ್ಯುತ್ತಾರೆ, ಅದು 40 ಗಜ ದೂರವಿದ್ದರೂ ಸರಿ. ಕಾಲೇಜು ಆಟದಲ್ಲಿ ಈ ದಂಡ 15 ಗಜ ಮೀರುವುದಿಲ್ಲ. ಇಷ್ಟು ದುಬಾರಿ ದಂಡದ ಮುಂದೆ ಅಭಿಮಾನಿಗಳು ಸಿಟ್ಟಾಗುವುದು ಸಹಜವೇ.

ಅಂಥ ವಿಡಿಯೊ ಬಂದರೆ ನಿಲ್ಲಿಸಿ ನಿಲ್ಲಿಸಿ ನೋಡಿ. ಚೆಂಡು ಎಸೆಯುವವನ ಕೈ ಬಿಟ್ಟಿತ್ತೇ? ಮೊದಲು ತಾಗಿದ್ದು ಚೆಂಡೋ, ತೋಳೋ? ನಿಧಾನಗತಿಯಲ್ಲಿ ಸಣ್ಣ ತಾಗುವಿಕೆಯೂ ದೊಡ್ಡದಾಗಿ ಕಾಣುತ್ತದೆ, ಆದ್ದರಿಂದ ಸಹಜ ವೇಗದಲ್ಲೂ ಒಮ್ಮೆ ನೋಡಿ. ನಿಯಮ ಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮುಮ್ಮುಖ ಪಾಸಿನ ಅಧ್ಯಾಯ ತೆರೆದರೆ ಯಾವುದು ತಪ್ಪು, ಯಾವುದು ಅಲ್ಲ ಎಂಬ ಎರಡೂ ಪಟ್ಟಿಗಳು ಅಲ್ಲಿವೆ.