ವೈರಸ್ ಕೂಡಿಸಿದ ಋಣಾನುಬಂಧ

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಪ್ರೇಮ ಕಾದಂಬರಿಕಾರರಿಗೆ ಲಾಕ್‌ಡೌನ್ ಒದಗಿಬಂದದ್ದು ಹೀಗೆ. ನಾಯಕ ನಾಯಕಿಯರನ್ನು ಒಂದೇ ಸೂರಿನಡಿ ಕೂಡಿಹಾಕಲು ಈ ಮಂದಿ ಎಷ್ಟು ಕಾಲದಿಂದ ಪಾಡುಪಟ್ಟಿದ್ದರು! ಮಳೆ ಸುರಿಸಬೇಕು, ಕಾರು ಕೆಡಿಸಬೇಕು, ಲಿಫ್ಟ್ ನಿಲ್ಲಿಸಬೇಕು, ಹಿಮ ಬೀಳಿಸಿ ರಸ್ತೆ ಮುಚ್ಚಿಸಬೇಕು. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ಡನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆದದ್ದೇ ತಡ, ಆ ತಾಪತ್ರಯವೆಲ್ಲ ತಪ್ಪಿತು. ಮಳೆ ನಿಂತರೆ ನಾಯಕಿ ಎದ್ದು ಮನೆಗೆ ಹೋಗಿಬಿಡುತ್ತಾಳೆ. ಕ್ವಾರಂಟೈನ್ ಆದರೆ 14 ದಿನ ಗ್ಯಾರಂಟಿ, ಅದೂ ಸರ್ಕಾರಿ ಆದೇಶದ ಮೇರೆಗೆ.

ಕಾದಂಬರಿಯೊಳಗಿನ ಕೋವಿಡ್ ಬಹಳ ಸಭ್ಯಸ್ಥ. ನಾಯಕಿಗೆ ಅದು ತರುವುದು ಜ್ವರವನ್ನು ಮಾತ್ರ, ಅದೂ ನಾಯಕನ ಅಂಗೈ ಅವಳ ಹಣೆ ಮುಟ್ಟಲು ಎಷ್ಟು ಬೇಕೋ ಅಷ್ಟೇ. ಮೂಗು ಸೋರುವುದಿಲ್ಲ, ಹೊಟ್ಟೆ ಕೆಡುವುದಿಲ್ಲ. ಕೆಮ್ಮು ಬಂದರೂ ಸಂಭಾಷಣೆ ಮುಗಿಯುವತನಕ ಕಾದು, ಆಮೇಲೆ ಬರುತ್ತದೆ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುವ ದೃಶ್ಯವಂತೂ ಉಂಗುರ ತೊಡಿಸುವ ಶಾಸ್ತ್ರವೇ. ಲೋಕದ ಮಂದಿಯೆಲ್ಲ ರಕ್ತದ ಆಮ್ಲಜನಕ 94ಕ್ಕಿಂತ ಕೆಳಗೆ ಇಳಿಯದಿರಲಪ್ಪಾ ಎಂದು ಕಣ್ಣು ಮಿಟುಕಿಸದೆ ನೋಡುತ್ತಿದ್ದ ಆ ಮಿನುಗುವ ಅಂಕಿಯನ್ನು ನಾಯಕ ನೋಡುವುದೇ ಇಲ್ಲ. ಅವನು ನೋಡುತ್ತಿರುವುದು ಬೆರಳನ್ನು.

ಇನ್ನು ಪರಿಮಳದ ಸಂಗತಿ. ಇಂಥ ಕಾದಂಬರಿಯ ಗಂಡಸಿಗೆ ಒಂದು ಪರಿಮಳ ಇರಲೇಬೇಕು; ದೇವದಾರು, ಹಳೆಯ ಪುಸ್ತಕ, ಮೊದಲ ಮಳೆಯ ಮಣ್ಣು, ಹೀಗೆ ಯಾವುದೋ ಒಂದು. ಆದರೆ ಕೋವಿಡ್ ಹೆಸರುವಾಸಿಯಾದದ್ದೇ ಮೂಗಿಗೆ ವಾಸನೆ ತಿಳಿಯದಂತೆ ಮಾಡಿ. ನಾಯಕಿ ಏಳನೇ ಅಧ್ಯಾಯದಲ್ಲಿ ಪಾಸಿಟಿವ್ ಆಗುತ್ತಾಳೆ. ಎಂಟನೆಯದರಲ್ಲಿ, ಚಿಲಕ ಹಾಕಿದ ಬಾಗಿಲಿನ ಆಚೆಯಿಂದ, ಎರಡು ಮಾಸ್ಕ್ ದಾಟಿಕೊಂಡು, ದೇವದಾರು ಅವಳ ಮೂಗಿಗೆ ಬಡಿಯುತ್ತದೆ. ವಿಜ್ಞಾನಿಗಳ ಕಣ್ಣಿಗೆ ಇದು ಬೀಳದೇ ಹೋದದ್ದು ನಮ್ಮ ದುರದೃಷ್ಟ.

ಅವನ ತಲೆಗೂದಲೂ ಪವಾಡವೇ. ಕ್ಷೌರದ ಅಂಗಡಿಗಳು ತಿಂಗಳುಗಟ್ಟಲೆ ಬಾಗಿಲು ಹಾಕಿದ್ದವು, ಕಂಡ ಕಂಡ ಗಂಡಸರೆಲ್ಲ ತಪಸ್ಸಿನಿಂದ ಎದ್ದುಬಂದ ಋಷಿಗಳಾಗಿದ್ದರು. ನಾಯಕನ ಹಣೆಯ ಮೇಲೆ ಮಾತ್ರ ಒಂದೇ ಒಂದು ಎಳೆ, ಅದೂ ಹೇಳಿ ಇಳಿಬಿಟ್ಟಂತೆ. ಅವನು ಐಸಿಯು ವೈದ್ಯ ಬೇರೆ! ಪಿಪಿಇ ಕಿಟ್‌ನೊಳಗೆ ಪಾಳಿ ಮುಗಿಸಿ ಬಂದವರ ಮುಖದ ಮೇಲೆ ಮಾಸ್ಕಿನ ಅಂಚು ಗಾಯವಾಗಿ ಅಚ್ಚೊತ್ತಿರುತ್ತಿತ್ತು, ಮೈಯೆಲ್ಲ ಬೆವರಲ್ಲಿ ತೊಯ್ದಿರುತ್ತಿತ್ತು. ಇವನು ಮನೆಗೆ ಬಂದು ಗಿಟಾರ್ ಎತ್ತಿಕೊಳ್ಳುತ್ತಾನೆ.

ಸಾಯುವವರು ಯಾರು? ಯಾರೋ ದೂರದ ಚಿಕ್ಕಪ್ಪ, ಕಡಲ ತೀರದ ಮನೆಯೊಂದನ್ನು ನಾಯಕಿಯ ಹೆಸರಿಗೆ ಬಿಟ್ಟು. 1918ರ ಇನ್‌ಫ್ಲುಯೆಂಜಾ ಹಿನ್ನೆಲೆಯ ಕಥೆಗಳಲ್ಲೂ ಇದೇ ಉಪಕಾರಿ ಚಿಕ್ಕಪ್ಪ. ಆ ಜ್ವರ ವಿಶೇಷವಾಗಿ ಬಲಿ ತೆಗೆದುಕೊಂಡದ್ದು 20ರಿಂದ 40ರ ಪ್ರಾಯದ ಗಟ್ಟಿಮುಟ್ಟು ದೇಹಗಳನ್ನು, ಅಂದರೆ ಮುಖಪುಟದಲ್ಲಿ ಅಂಗಿ ಗುಂಡಿ ಬಿಚ್ಚಿಕೊಂಡು ನಿಲ್ಲುವ ವಯಸ್ಸಿನವರನ್ನೇ. ಇದನ್ನು ಹೇಳಿದರೆ ರಸಭಂಗ.

ಹಿಂದಿನವರು ಈ ವಿಷಯದಲ್ಲಿ ಸ್ವಲ್ಪ ನಾಚಿಕೆ ಉಳಿಸಿಕೊಂಡಿದ್ದರು. ಇಟಲಿಯ ಹಳೆಯ ಕಥೆಗಾರ ಬೊಕಾಚಿಯೊ ಏಳು ಹೆಂಗಸರು, ಮೂವರು ಗಂಡಸರನ್ನು 1348ರ ಪ್ಲೇಗಿನಿಂದ ತಪ್ಪಿಸಿ ಫ್ಲಾರೆನ್ಸ್‌ನ ಹೊರಗೆ ಕಳಿಸಿ ನೂರು ಕಥೆ ಹೇಳಿಸಿದ, ನಿಜ. ಆದರೆ ಅದಕ್ಕೂ ಮೊದಲು ಕಂಕುಳು, ತೊಡೆಸಂದುಗಳ ಗಡ್ಡೆಗಳನ್ನೂ ಬೀದಿಯ ಹೆಣಗಳನ್ನೂ ಪುಟಗಟ್ಟಲೆ ತೋರಿಸಿಯೇ ಓದುಗರನ್ನು ಒಳಗೆ ಬಿಟ್ಟ. ಶೇಕ್ಸ್‌ಪಿಯರ್ ಇನ್ನೂ ಕಟುಕ. ಜೂಲಿಯೆಟ್ ಸತ್ತಂತೆ ಮಲಗಿದ್ದಾಳಷ್ಟೇ ಎಂಬ ಪತ್ರ ರೋಮಿಯೋಗೆ ಯಾಕೆ ತಲುಪಲಿಲ್ಲ, ನೆನಪಿದೆಯೇ? ಪತ್ರ ಒಯ್ಯಬೇಕಿದ್ದ ಸನ್ಯಾಸಿ ಸೋಂಕಿನ ಮನೆಯಲ್ಲಿದ್ದನೆಂಬ ಶಂಕೆಯ ಮೇಲೆ ಅವನನ್ನು ಒಳಗಿಟ್ಟು ಬಾಗಿಲಿಗೆ ಮೊಹರು ಹಾಕಿದರು. ಈಗಿನವರ ಕೈಗೆ ಸಿಕ್ಕಿದ್ದರೆ ಅದೇ ಮನೆಯಲ್ಲಿ ಆ ಸನ್ಯಾಸಿಗೂ ಒಂದು ಜೋಡಿ ಹುಡುಕಿಕೊಡುತ್ತಿದ್ದರು.

ಇಷ್ಟಕ್ಕೂ ಕಥೆ ಬೇಕಿದ್ದರೆ ಕಲ್ಪಿಸುವ ಅಗತ್ಯವೇ ಇರಲಿಲ್ಲ, ಸರ್ಕಾರಿ ಸುತ್ತೋಲೆ ಓದಿದ್ದರೆ ಸಾಕಿತ್ತು. 2020ರ ಜೂನ್ ಆರಂಭದಲ್ಲಿ ಇಂಗ್ಲೆಂಡಿನ ನಿಯಮ ಹೀಗಿತ್ತು: ಬೇರೆ ಬೇರೆ ಮನೆಯವರು ಬಯಲಿನಲ್ಲಿ ಆರು ಜನರತನಕ ಸೇರಬಹುದು, ಮನೆಯೊಳಗೆ ಇಬ್ಬರೂ ಸೇರುವಂತಿಲ್ಲ. ಪ್ರೇಮ ಎಂದರೆ ಆರು ಜನರ ವಿಚಾರಸಂಕಿರಣವೇ? ನ್ಯೂಯಾರ್ಕಿನ ಆರೋಗ್ಯ ಇಲಾಖೆ ‘ನಿಮಗೆ ಅತ್ಯಂತ ಸುರಕ್ಷಿತ ಸಂಗಾತಿ ನೀವೇ’ ಎಂದು ಆರಂಭಿಸಿ, ಕೆಲವು ತಿಂಗಳಲ್ಲೇ ಧಾರಾಳವಾಗಿ, ನಡುವೆ ಗೋಡೆಯಂಥ ಅಡ್ಡವಿಟ್ಟುಕೊಂಡು ಸರಸವಾಡಬಹುದು ಎಂಬಲ್ಲಿಗೆ ಬಂತು. ಯಾವ ಗುಮಾಸ್ತ ಈ ಕರಡು ಬರೆದನೋ, ಯಾವ ಮೇಲಧಿಕಾರಿ ಗಂಭೀರವದನನಾಗಿ ರುಜು ಹಾಕಿದನೋ! ಒಂಟಿ ಜೀವಗಳು ಒಬ್ಬ ಖಾಯಂ ಸಂಗಾತಿಯನ್ನು ಗೊತ್ತುಮಾಡಿಕೊಳ್ಳುವುದು ಒಳಿತು ಎಂದು ನೆದರ್‌ಲೆಂಡ್ಸ್‌ನ ಆರೋಗ್ಯ ಸಂಸ್ಥೆ ಆ ಮೇ ತಿಂಗಳಲ್ಲೇ ಹಿತವಚನ ಕೊಟ್ಟಿತ್ತು.

ಎಲ್ಲಕ್ಕಿಂತ ಮಿಗಿಲು ಡೆನ್ಮಾರ್ಕ್. ಮುಚ್ಚಿದ ಗಡಿಯನ್ನು ಪ್ರೇಮಿಗಳಿಗೆಂದು ತುಸು ತೆರೆದಾಗ ಅದು ಹಾಕಿದ ಷರತ್ತು: ಪ್ರೇಮಕ್ಕೆ ಕನಿಷ್ಠ ಆರು ತಿಂಗಳ ವಯಸ್ಸಾಗಿರಬೇಕು. ಪುರಾವೆಗೆ ಫೋಟೋ, ಮೆಸೇಜುಗಳನ್ನು ಪೊಲೀಸರು ಕೇಳಬಹುದು. ಕಲ್ಪಿಸಿಕೊಳ್ಳಿ. ಗಡಿಗೇಟಿನ ಬಳಿ ಒಬ್ಬ ಕಾನ್‌ಸ್ಟೇಬಲ್, ಕೈಗವಸು ತೊಟ್ಟ ಬೆರಳಿನಿಂದ ಯಾರದೋ ಮೊಬೈಲಿನಲ್ಲಿ ‘ಉಂಡೆಯಾ ಚಿನ್ನ’ಗಳನ್ನು ಒಂದೊಂದಾಗಿ ಮೇಲಕ್ಕೆ ತಳ್ಳುತ್ತಿದ್ದಾನೆ. ನಡುವೆ ಎರಡು ವಾರ ಮೌನ. ‘ಇಲ್ಲೇನಾಯಿತು, ಜಗಳವೇ?’ ಎಂದು ತಲೆಯೆತ್ತಿ ವಿಚಾರಿಸುತ್ತಾನೆ. ಜನ ಗದ್ದಲವೆಬ್ಬಿಸಿದ ಮೇಲೆ, ಸಹಿ ಹಾಕಿದ ಒಂದು ಘೋಷಣಾಪತ್ರ ಸಾಕು ಎಂದಾಯಿತು. ಪ್ರೇಮಸಾಹಿತ್ಯಕ್ಕೆ ಸಿಕ್ಕಿದ್ದ ಅತಿ ಶ್ರದ್ಧೆಯ ಓದುಗ ಹೀಗೆ ಕೈತಪ್ಪಿದ.

ಅದೇ ಡೆನ್ಮಾರ್ಕಿನ ಗಡಿಗೆ, ಆ ವಸಂತದಲ್ಲಿ, ಎಂಬತ್ತು ದಾಟಿದ ಒಂದು ಜೋಡಿ ದಿನವೂ ಬರುತ್ತಿತ್ತು. ಅವಳು ಈ ಕಡೆಯಿಂದ ಕಾರಿನಲ್ಲಿ, ಅವನು ಜರ್ಮನಿಯ ಕಡೆಯಿಂದ ಸೈಕಲ್ಲಿನಲ್ಲಿ. ನಡುವೆ ಅಡ್ಡಗಟ್ಟೆ, ಎರಡೂ ಬದಿಗೆ ಕುರ್ಚಿ, ಹೊತ್ತು ಇಳಿಯುವತನಕ ಹರಟೆ. ಇದನ್ನು ಯಾವ ಪ್ರಕಾಶಕರ ಮುಂದಿಟ್ಟರೂ ವಾಪಸು ಬರುತ್ತದೆ: ನಾಯಕನಿಗೆ ಹಣೆಯ ಮೇಲೆ ಇಳಿಬಿಡಲು ಕೂದಲು ಸಾಲದು, ಸೂರು ಒಂದೇ ಅಲ್ಲ, ಚಿಕ್ಕಪ್ಪನ ಪಾತ್ರವೂ ಇಲ್ಲ.

ಅಂಗೀಕೃತ ಮಾದರಿಯಲ್ಲಿ ಎರಡನೇ ಡೋಸ್ ಆದ ಮೇಲೆ ಮದುವೆ, ಶುಭಂ. ಬಾಗಿಲು ತೆರೆದು ಹೊರಗೆ ಬಂದ ಮೇಲೆ ಆ ಇಬ್ಬರು ಏನು ಮಾತಾಡಿಕೊಂಡರು ಎಂದು ಯಾವ ಲೇಖಕರೂ ಬರೆದಂತಿಲ್ಲ. ಅಷ್ಟರಲ್ಲಿ ಬೂಸ್ಟರ್ ಬಂತು. ಎರಡನೇ ಭಾಗಕ್ಕೆ ಹೆಸರು ಹುಡುಕುವ ಕಷ್ಟವೂ ತಪ್ಪಿತು.