ಐದನೇ ತಂತಿ

ಇವತ್ತೂ ಬೆಳಗ್ಗೆ ಏಳಕ್ಕೇ ಶುರುವಾಯಿತು. ಟಿಣ್. ಟೀಣ್. ಟಿಣ್. ಇದು ಬ್ಯಾಂಜೊ ನುಡಿಸುವ ಸದ್ದಲ್ಲ. ಶ್ರುತಿ ಮಾಡುವ ಸದ್ದು.

ನಾವಿರುವುದು ನಾರ್ತ್ ಕ್ಯಾರೊಲಿನಾದ ರಾಲಿಯಲ್ಲಿ. ಮೇಲಿನ ಮನೆಯಲ್ಲಿ ಇಪ್ಪತ್ತೆರಡರ ಹುಡುಗ. ಆ ವಯಸ್ಸಿನವರು ಹೆಡ್‌ಫೋನ್ ಹಾಕಿಕೊಂಡು ಪುಣ್ಯ ಕಟ್ಟಿಕೊಳ್ಳುತ್ತಾರೆ. ಇವನಿಗೆ ಇದೇ ರಾಜ್ಯದ ಮೌಂಟ್ ಏರಿ ಊರಿನ ಕಡೆಯ ಹಳೇ ಬ್ಯಾಂಜೊ ಶೈಲಿ ಉಳಿಸುವ ಹುಚ್ಚು. 1985ರಲ್ಲಿ ತೀರಿಕೊಂಡ ಪಿಟೀಲು-ಬ್ಯಾಂಜೊ ವಾದಕ ಟಾಮಿ ಜಾರೆಲ್ ಇವನ ದೇವರು. ರಸ್ತೆ ಇಲಾಖೆಯಲ್ಲಿ ನೆಲ ಸಮ ಮಾಡುವ ಗ್ರೇಡರ್ ಓಡಿಸಿ ರಿಟೈರಾದ ಆ ಅಜ್ಜನ ಮನೆಗೆ ಎಲ್ಲೆಲ್ಲಿಂದಲೋ ಹುಡುಗರು ಕಲಿಯಲು ಬರುತ್ತಿದ್ದರು. ಅಕ್ಕಪಕ್ಕದವರು ಏನನ್ನುತ್ತಿದ್ದರು ಅನ್ನೋದನ್ನು ಮಾತ್ರ ಇವನು ಹೇಳುವುದಿಲ್ಲ.

ಈ ಬ್ಯಾಂಜೊಗೆ ಐದು ತಂತಿ. ಐದನೆಯದು ಗಿಡ್ಡ. ಹೆಬ್ಬೆರಳು ಮೀಟಿದಾಗಲೆಲ್ಲ ತಂಬೂರಿ ಥರ ಒಂದೇ ಸ್ವರ ಹಿಡಿದು ಹಠ ಮಾಡುವುದು ಅದರ ಕೆಲಸ. ಪ್ಲಾಸ್ಟಿಕ್ ಬೇಡ ಅಂತ ಇವನು ಚರ್ಮದ ಮುಖ ಹಾಕಿಸಿದ್ದಾನೆ. ಜುಲೈ ಸೆಖೆಗೆ ಚರ್ಮ ಸಡಿಲ. ಎಸಿ ಹಾಕಿದರೆ ಬಿಗಿ. ಒಂದು ತಂತಿ ಏರಿಸಿದರೆ ಇನ್ನೊಂದು ಇಳಿಯುತ್ತದೆ. ಅಂತೂ ಕೂಡಿತು ಅನ್ನುವಷ್ಟರಲ್ಲಿ ಹಾಡು ಬದಲು. ಹಾಡಿಗೆ ತಕ್ಕಂತೆ ಶ್ರುತಿಯೂ ಬದಲು! ಇವರ ಗುಂಪು ಕೂತರೆ ಎಷ್ಟೋ ಹೊತ್ತು ಒಂದೇ ಶ್ರುತಿ ಬಿಟ್ಟು ಏಳುವುದಿಲ್ಲ. ಬ್ಯಾಂಜೊದವನು ಮತ್ತೆ ಬಿರಡೆ ತಿರುಪುತ್ತಾ ಕೂತಾನು ಅನ್ನೋ ಭಯ. ಒಬ್ಬನೇ ಇದ್ದಾಗ ಇವನಿಗೆ ಯಾರ ಭಯ?

ಮೊನ್ನೆ ತಡೆಯಲಾರದೆ ಉದ್ದ ಪೊರಕೆಯ ಹಿಡಿಯಿಂದ ಛಾವಣಿಗೆ ನಾಲ್ಕು ಕುಟ್ಟಿದೆ. ಮೇಲೆ ಮೌನ. ಆಮೇಲೆ ಸರಿಯಾಗಿ ನನ್ನ ಏಟಿನ ಲಯಕ್ಕೇ ಹಾಡು ಶುರು! ಸಿಟ್ಟಿಗೆ ಇನ್ನೂ ಜೋರಾಗಿ ಕುಟ್ಟಿದೆ. ಅವನೂ ಜೋರಾದ. ನಾನು ಬೇಕಂತಲೇ ತಾಳ ತಪ್ಪಿಸಿದೆ. ಅವನು ಹುಡುಕಿಕೊಂಡು ಬಂದು ಸೇರಿಕೊಂಡ. ಹೀಗೆ ಐದು ನಿಮಿಷ ಕಛೇರಿ ನಡೆಯಿತು. ಸಂಜೆ ನಗುತ್ತಾ ಬಾಗಿಲಿಗೆ ಬಂದು, "ನಿಮ್ಮ ತಾಳ ಚೆನ್ನಾಗಿದೆ, ಪಾದದಲ್ಲೇ ತಾಳ ಹಾಕುವ ಫ್ಲಾಟ್‌ಫುಟ್ ಕುಣಿತ ಕಲಿತಿದ್ದೀರಾ?" ಅಂದ.

ಪೊರಕೆಯನ್ನು ಬಾಗಿಲ ಹಿಂದೆ ಸರಿಸಿ ಕಾಫಿ ಕೊಟ್ಟೆ. ಕುಡಿಯುತ್ತಾ, ನಿಮ್ಮಜ್ಜಿ ಏನು ಹಾಡುತ್ತಿದ್ದರು ಅಂತ ಕೇಳಿದ. ರಾಗಿ ಬೀಸುವ ಪದ ಅಂದೆ. ಹಾಡಿ ಅಂತ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿದ. ನನಗೆ ಬಂದದ್ದು ಒಂದೂವರೆ ಸಾಲು. ಆಮೇಲೆ ಬೀಸುಕಲ್ಲಿನ ಘರ್ ಘರ್ ಒಂದೇ ನೆನಪಿತ್ತು. ಅದನ್ನೇ ಬಾಯಲ್ಲಿ ಮಾಡಿದೆ. ಅದನ್ನೂ ರೆಕಾರ್ಡ್ ಮಾಡಿಕೊಂಡ, ಪುಣ್ಯಾತ್ಮ.

ಇವತ್ತು ಮೀಟಿಂಗಿನಲ್ಲಿ ಮ್ಯಾನೇಜರ್ ಏನೋ ಕೇಳಿದರು. "ಐದನೆಯದು ಸ್ವಲ್ಪ ಇಳಿದಿದೆ" ಅಂದುಬಿಟ್ಟೆ.